ಸಮುದ್ರ ದಂಡೆಯ ಹಳೆಯ ಫಿರಂಗಿ ನೆಲೆಗಳು: ಒಳಗೆ ಕಾಲಿಡುವ ಮುನ್ನ ಏನು ನೋಡಬೇಕು?

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ ಮೇಡಂ. ಮಳೆಗಾಲ ಮುಗಿದ ಮೇಲೆ ನಾವು ಗೆಳೆಯರು ಎಲಿಫೆಂಟಾಕ್ಕೆ ಹೋಗುವವರಿದ್ದೇವೆ. ಗುಹೆಗಳಿಗಿಂತ ಗುಡ್ಡದ ಮೇಲಿನ ಬ್ರಿಟಿಷರ ಫಿರಂಗಿಗಳು, ಅದರ ಕೆಳಗಿನ ಕೋಣೆಗಳ ಫೋಟೋ ತೆಗೆಯುವ ಆಸೆ. ನೀವು ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು ಪರೀಕ್ಷಿಸುವ ಎಂಜಿನಿಯರ್. ಇಂಥ ಬಂಕರ್‌ಗಳ ಒಳಗೆ ಹೋಗಬಹುದಾ? ಗೋಡೆ ಅಷ್ಟು ದಪ್ಪ ಇದೆ, ಬೀಳುವ ಹಾಗೆ ಕಾಣುವುದಿಲ್ಲ.

ಉತ್ತರ: ಗೋಡೆ ಬೀಳುವುದಿಲ್ಲ ಬಿಡಿ. ಅದನ್ನು ಕಟ್ಟಿದ್ದೇ ಶತ್ರು ಹಡಗಿನ ಗುಂಡು ತಡೆಯಲು. ನೀವು ನೋಡಬೇಕಾದದ್ದು ತಲೆಯ ಮೇಲೆ.

ಈ ಕೋಣೆಗಳ ಸೂರಿನಲ್ಲಿ ಸಾಮಾನ್ಯವಾಗಿ ಕಬ್ಬಿಣದ ತೊಲೆ ಅಥವಾ ಸರಳು ಇರುತ್ತದೆ. ಸಮುದ್ರದ ಗಾಳಿಯ ಉಪ್ಪು ವರ್ಷಾನುಗಟ್ಟಲೆ ಕಾಂಕ್ರೀಟಿನೊಳಗೆ ಇಳಿದು ಆ ಕಬ್ಬಿಣವನ್ನು ಮುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಒಳಗೆ ಜಾಗ ಎಲ್ಲಿದೆ? ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ಮೊದಲು ಕಂದು ಕಲೆ, ಆಮೇಲೆ ತೊಲೆಯ ಉದ್ದಕ್ಕೂ ಬಿರುಕು, ಆಮೇಲೆ ಒಂದು ಪದರವೇ ಕಳಚಿ ಕೆಳಗೆ. ಅದು ಬೀಳಲು ಯಾರೂ ಮುಟ್ಟಬೇಕಿಲ್ಲ.

ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಕಡ್ಡಾಯ. ನಿಮ್ಮ ಸೊಸೈಟಿಗಳಲ್ಲಿ ಸುತ್ತಿಗೆಯಿಂದ ಸ್ಲ್ಯಾಬ್ ತಟ್ಟಿ ಪೊಳ್ಳು ಸದ್ದು ಕೇಳುವವರನ್ನು ನೋಡಿರುತ್ತೀರಿ. ಪಾಳುಬಿದ್ದ ಬಂಕರನ್ನು ಹಾಗೆ ತಟ್ಟಿ ನೋಡುವವರು ಯಾರು? ನೀವಂತೂ ತಟ್ಟಬೇಡಿ. ಬಾಗಿಲಲ್ಲೇ ನಿಂತು ಟಾರ್ಚ್ ಹಾಕಿ ಸೂರು ನೋಡಿ. ನೆಲದ ಮೇಲೆ ಹೊಸ ಚೂರುಗಳು ಬಿದ್ದಿದ್ದರೆ, ಸೂರಿನಲ್ಲಿ ಸರಳು ಕಾಣುತ್ತಿದ್ದರೆ, ಅಲ್ಲಿಂದಲೇ ಫೋಟೋ ತೆಗೆದು ವಾಪಸ್ ಬನ್ನಿ. ಮಳೆಗಾಲ ಮುಗಿದ ತಕ್ಷಣ ಹೋಗುವುದು ನನಗೆ ಇಷ್ಟವಿಲ್ಲ. ನೀರು ಕುಡಿದ ಸೂರು ಭಾರವಾಗಿರುತ್ತದೆ, ಒಳಗಿನ ನೀರೂ ಇಂಗಿರುವುದಿಲ್ಲ. ಜನವರಿ, ಫೆಬ್ರವರಿ ಒಳ್ಳೆಯದು.

ನಿಂತ ನೀರಿನ ಬಗ್ಗೆ ಇನ್ನೊಂದು ಮಾತು. ದೊಡ್ಡ ಫಿರಂಗಿ ನೆಲೆಗಳಲ್ಲಿ ಮದ್ದಿನ ಮನೆ ನೆಲದ ಕೆಳಗೆ ಇರುತ್ತಿತ್ತು. ಅಲ್ಲಿಂದ ಗುಂಡನ್ನು ಮೇಲೆತ್ತಲು ನೇರ ಬಾವಿಯಂಥ ಕಿಂಡಿ ಇರುತ್ತಿತ್ತು. 6 ಇಂಚಿನ ಫಿರಂಗಿಯ ಒಂದು ಗುಂಡೇ ಸುಮಾರು 45 ಕಿಲೋ, 9.2 ಇಂಚಿನದ್ದು 170 ಕಿಲೋ ಆಸುಪಾಸು. ಅದನ್ನು ಮೆಟ್ಟಿಲಿನಲ್ಲಿ ಹೊತ್ತು ತರಲು ಆಗುತ್ತದೆಯೇ? ಎತ್ತುವ ಸಾಮಾನು ಹೋಗಿದೆ, ಮುಚ್ಚಳ ಹೋಗಿದೆ, ಕಿಂಡಿ ಹಾಗೇ ಉಳಿದಿರಬಹುದು. ಮೊಣಕಾಲುದ್ದ ನೀರು ಅಂದುಕೊಂಡು ಇಳಿದರೆ ಅದು ಕಾಣುವುದಿಲ್ಲ. ಇಲಿಜ್ವರದ ಭಯ ಬೇರೆ. ಆದ್ದರಿಂದ ನೀರು ಇದ್ದ ಕಡೆ ಇಳಿಯಲೇಬೇಡಿ.

ಒಂದೇ ಬಾಗಿಲಿನ ಆಳದ ಕೋಣೆಯಲ್ಲಿ ಗಾಳಿಯೂ ಕೆಟ್ಟಿರುತ್ತದೆ. ಮೇಣದಬತ್ತಿ ಉರಿದರೆ ಸಾಕು ಅನ್ನುವ ಹಳೆಯ ಲೆಕ್ಕವನ್ನು ನಂಬಬೇಡಿ. ಕೊಳೆತ ವಾಸನೆಯ ಅನಿಲ ಜಾಸ್ತಿಯಾದಾಗ ಮೂಗಿಗೇ ಗೊತ್ತಾಗುವುದು ನಿಂತುಬಿಡುತ್ತದೆ. ಬಾವಲಿ ಹಿಕ್ಕೆ ಇದ್ದರೆ ಅದರ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ಬರಬಹುದು, ಎನ್95 ಮಾಸ್ಕ್ ಬೇಕು.

ಪ್ರಶ್ನೆ (ಚೆಂಬೂರಿನಿಂದ): ಮೇಡಂ, ಕೊಲಾಬಾ ಕಡೆಯೂ ಹಳೆಯ ತೋಪಿನ ಕಟ್ಟೆಗಳಿವೆಯಂತೆ. ಬಂದರಿನ ನಡುವೆ ಚಿಕ್ಕ ದ್ವೀಪಗಳಲ್ಲೂ ಇವೆಯಂತೆ. ದೋಣಿಯವರನ್ನು ಕೇಳಿದರೆ ಬಿಡುತ್ತಾರಾ?

ಉತ್ತರ: ಕೇಳಲೇಬೇಡಿ. ನೀವು ಹೇಳುವ ದ್ವೀಪಗಳು, ಮಿಡಲ್ ಗ್ರೌಂಡ್ ಮತ್ತು ಆಯ್‌ಸ್ಟರ್ ರಾಕ್, ನೌಕಾಪಡೆಯ ಜಾಗಗಳು. ಕೊಲಾಬಾದ ತುದಿಯೂ ಸೇನೆಯ ಪ್ರದೇಶ. ಅಲ್ಲಿ ಫೋಟೋ ತೆಗೆದರೆ 1923ರ ಅಧಿಕೃತ ರಹಸ್ಯ ಕಾಯ್ದೆಯೇ ಅಡ್ಡ ಬರುತ್ತದೆ. ಸಿಕ್ಕಿಬಿದ್ದರೆ ದೋಣಿಯವನ ಹೊಟ್ಟೆಪಾಡೂ ಹೋಗುತ್ತದೆ. ಡ್ರೋನ್ ಹಾರಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಮಲಬಾರ್ ಹಿಲ್‌ನಲ್ಲಿ ಹಕ್ಕಿನಿಂದ ನೋಡಬಹುದಾದ ಬಂಕರ್ ಒಂದಿದೆ. ರಾಜ್ಯಪಾಲರ ನಿವಾಸದ ಕೆಳಗೆ 2016ರಲ್ಲಿ ಮುಚ್ಚಿದ ಗೋಡೆ ಒಡೆದಾಗ 13 ಕೋಣೆಗಳ ನೆಲೆ ಸಿಕ್ಕಿತು. ಗುಂಡಿನ ಕೋಣೆ, ತೋಟೆಯ ಕೋಣೆ, ಪಂಪ್ ಕೋಣೆ ಎಂದು ಹೆಸರುಗಳೂ ಇದ್ದವು. ಅದನ್ನು ದುರಸ್ತಿ ಮಾಡಿ 2019ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಮೊದಲೇ ಬುಕ್ ಮಾಡಿ ಹೋಗಬೇಕು. ನನ್ನ ಸಲಹೆ ಕೇಳಿದರೆ ಎಲಿಫೆಂಟಾಕ್ಕೂ ಮೊದಲು ಅಲ್ಲಿಗೆ ಹೋಗಿ. ಯಾವ ಕೋಣೆ ಯಾವುದಕ್ಕೆ ಅಂತ ಒಮ್ಮೆ ಕಣ್ಣಿಗೆ ಕೂತರೆ, ಪಾಳುಬಿದ್ದ ಜಾಗದಲ್ಲಿ ನಿಮ್ಮ ಕ್ಯಾಮೆರಾ ಎಲ್ಲಿ ತಿರುಗಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ (ವಾಶಿಯಿಂದ): ಬಾಗಿಲಲ್ಲೇ ನಿಂತು ತೆಗೆದರೆ ಫೋಟೋ ಬರೀ ಕತ್ತಲೆ ಅಲ್ವಾ? ಫ್ಲ್ಯಾಶ್ ಹಾಕಿದರೆ ಎಲ್ಲ ಚಪ್ಪಟೆ.

ಉತ್ತರ: ಫ್ಲ್ಯಾಶ್ ಬೇಡ. ಟಾರ್ಚನ್ನು ಗೋಡೆಗೆ ಒರಗಿದ ಹಾಗೆ ಪಕ್ಕದಿಂದ ಹಾಕಿಸಿ, ಗೆಳೆಯರು ಹಿಡಿಯಲಿ. ಕಾಂಕ್ರೀಟ್ ಸುರಿದಾಗ ಬಿದ್ದ ಹಲಗೆಯ ಅಚ್ಚು, ಬಣ್ಣ ಹೋದ ಅಕ್ಷರ, ಸಣ್ಣ ಬಿರುಕು ಎಲ್ಲ ಎದ್ದು ಬರುತ್ತವೆ. ನಾವು ತಪಾಸಣೆಯಲ್ಲೂ ಹೀಗೇ ಮಾಡುತ್ತೇವೆ. ಎಲಿಫೆಂಟಾದಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಚೌಕಟ್ಟಿಗೆ ಮೊಣಕೈ ಊರಿ. ಆ ಚೌಕಟ್ಟು ಗಟ್ಟಿ ಇದೆಯಾ ಅಂತ ಮೊದಲು ನೋಡಿ. ಸೋಮವಾರ ಅಲ್ಲಿ ರಜೆ, ದೋಣಿ ಹತ್ತುವ ಗೇಟ್‌ವೇಗೆ ಸುಮ್ನೆ ಹೋಗಿ ನಿಲ್ಲಬೇಡಿ.

ನನ್ನದೊಂದು ಕೋರಿಕೆ. ಚೆಂದದ ಫೋಟೋ ಜತೆ ಒಂದೆರಡು ಕೆಲಸದ ಫೋಟೋನೂ ತೆಗೆಯಿರಿ. ಹೊರಗಿನಿಂದಲೇ ಕೈಗೆಟಕುವ ಬಿರುಕಿನ ಹತ್ತಿರ ಅಳತೆಪಟ್ಟಿ ಇಟ್ಟು, ಎದುರಿನಿಂದ ನೇರವಾಗಿ, ತಾರೀಖು ಸಮೇತ. ಫಿರಂಗಿ ಕೂರಿಸಿದ ನೆಲದಲ್ಲಿ ದುಂಡಗೆ ಬೋಲ್ಟುಗಳ ಸಾಲು ಇದ್ದರೆ ಅದನ್ನು ಮೇಲಿನಿಂದ ತೆಗೆಯಿರಿ. ಎರಡು ವರ್ಷ ಬಿಟ್ಟು ಯಾರೋ ಅದೇ ಕೋನದಲ್ಲಿ ತೆಗೆದರೆ ಎಷ್ಟು ಕೆಟ್ಟಿದೆ ಅಂತ ಸ್ಪಷ್ಟವಾಗುತ್ತದೆ. ಇಂಥ ದಾಖಲೆ ಇಲ್ಲದೆ ದುರಸ್ತಿಗೆ ಹಣ ಕೇಳುವುದು ಬಹಳ ಕಷ್ಟ.

ಪ್ರಶ್ನೆ (ವಾಸ್ಕೋದಿಂದ): ನಮ್ಮ ಗೋವಾದಲ್ಲಿ ಎರಡನೇ ಮಹಾಯುದ್ಧದ ಬಂಕರ್ ಹುಡುಕಬಹುದಾ? ಆಗ್ವಾದ ಕೋಟೆ ಆ ಕಾಲದ್ದಲ್ಲ ಅಲ್ವಾ?

ಉತ್ತರ: ಅಲ್ಲ, ಆಗ್ವಾದ ಪೋರ್ಚುಗೀಸರು 1612ರಲ್ಲಿ ಮುಗಿಸಿದ ಕೋಟೆ. ಎರಡನೇ ಯುದ್ಧದಲ್ಲಿ ಪೋರ್ಚುಗಲ್ ತಟಸ್ಥವಾಗಿತ್ತು. ಯುದ್ಧ ಮಾತ್ರ ನಿಮ್ಮ ಮುರ್ಮುಗಾಂವ್ ಬಂದರಿಗೇ ಬಂತು. ಅಲ್ಲಿ ಆಶ್ರಯ ಪಡೆದಿದ್ದ ಜರ್ಮನ್ ಹಡಗು ಎಹ್ರೆನ್‌ಫೆಲ್ಸ್ ಮೇಲೆ 1943ರ ಮಾರ್ಚ್ 9ರ ರಾತ್ರಿ ಬ್ರಿಟಿಷರ ಸ್ವಯಂಸೇವಕ ಪಡೆ ಕಲ್ಕತ್ತಾ ಲೈಟ್ ಹಾರ್ಸ್‌ನ ವಯಸ್ಸಾದ ಸದಸ್ಯರು ಒಂದು ಹಳೆಯ ದೋಣಿಯಲ್ಲಿ ಬಂದು ದಾಳಿ ಮಾಡಿದರು. ಆದ್ದರಿಂದ ಬಂಕರ್ ಬದಲು ನಿಮಗೆ ಆ ಬಂದರೇ ವಿಷಯ. ದೂರದ ಗುಡ್ಡದಿಂದ ಬಂದರಿನ ಬಾಯಿಯ ಫೋಟೋ ತೆಗೆದು ಈ ಕಥೆ ಬರೆಯಬಹುದು. ಬಂದರಿನೊಳಗೆ ಮತ್ತು ನೌಕಾಪಡೆಯ ವಿಮಾನ ನಿಲ್ದಾಣದ ಕಡೆಗೆ ಕ್ಯಾಮೆರಾ ಬೇಡ.

ಪ್ರಶ್ನೆ (ಮುಲುಂಡ್‌ನಿಂದ): ಅಕ್ಕ, ಇಂಥ ಕಡೆ ತುಕ್ಕು ಹಿಡಿದ ಗುಂಡಿನ ಆಕಾರದ ಕಬ್ಬಿಣ ಸಿಕ್ಕರೆ ಮನೆಗೆ ತರಬಹುದಾ?

ಉತ್ತರ: ತರಬೇಡಿ, ಕಾಲಿನಿಂದಲೂ ಹೊರಳಿಸಬೇಡಿ. ತುಕ್ಕು ಹಿಡಿದ ಮಾತ್ರಕ್ಕೆ ಒಳಗಿನ ಮದ್ದು ಸತ್ತಿರುವುದಿಲ್ಲ. ಸಿಡಿಮದ್ದು ಏನು ಮಾಡುತ್ತದೆ ಅಂತ ಮುಂಬೈಗೆ ಚೆನ್ನಾಗಿ ಗೊತ್ತಿರಬೇಕು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯ ಜತೆ ಸಿಡಿಮದ್ದು ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ನೂರಾರು ಜನ ಸತ್ತರು. ಶತ್ರುವಿನ ಒಂದು ಗುಂಡೂ ಬಿದ್ದಿರಲಿಲ್ಲ. ನಿಮಗೆ ಅಂಥದ್ದು ಕಂಡರೆ ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ದೂರ ಬಂದ ಮೇಲೆ 112ಕ್ಕೆ ಫೋನ್ ಮಾಡಿ ಜಾಗ ಹೇಳಿ. ಪೊಲೀಸರು ಬರುವ ತನಕ ಬೇರೆಯವರನ್ನೂ ಆ ಕಡೆ ಬಿಡಬೇಡಿ.