ಬ್ಯಾಟರಿ ಟರ್ಮಿನಲ್ ನಟ್ಟು ಎಷ್ಟು ಟೈಟ್ ಮಾಡಬೇಕು?

ತೋಟದ ಪಿಕಪ್:
ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ, ಗೊಬ್ಬರ ಹೊರುವ ಹಳೇ ಡೀಸೆಲ್ ಪಿಕಪ್. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್. ಬ್ಯಾಟರಿ ಹೊಸದು. ಟರ್ಮಿನಲ್ ಲೂಸ್ ಇರಬೇಕು ಅಂತ ನಿನ್ನೆ ಉದ್ದ ಪಾನಾ ಹಾಕಿ ಬಿಗಿದೆ, ಇನ್ನೊಂದು ಅರ್ಧ ಸುತ್ತು ಅನ್ನುವಷ್ಟರಲ್ಲಿ ಕ್ಲಾಂಪ್ ಸೀಳಿಯೇ ಹೋಯಿತು. ಇದಕ್ಕೆ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಲೆಕ್ಕ ಇದೆಯಾ? ವೀಲ್ ನಟ್ಟಿಗೆ ಅಂತ ತಂದ ಟಾರ್ಕ್ ಪಾನಾ ಇದೆ, ನಡೆಯುತ್ತಾ?

ಸಾಗರದ ವೈರಿಂಗ್‌ನವ:
ಇದೆ ಮಾರಾಯ್ರೇ. ಕ್ಲಾಂಪ್‌ನ 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 5ರಿಂದ 8 ನ್ಯೂಟನ್ ಮೀಟರ್ ಸಾಕು. ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ನೋಡಿ. 6 ನ್ಯೂಟನ್ ಮೀಟರ್ ಅಂದರೆ ಹತ್ತು ಸೆಂಟಿಮೀಟರ್ ಪಾನಾದ ತುದಿಗೆ ಸುಮಾರು 6 ಕೆಜಿ ತೂಗುಬಿಟ್ಟಷ್ಟೇ, ಅಷ್ಟಕ್ಕೆ ಮೊಳದುದ್ದ ಪಾನಾ ಯಾಕೆ? ಸೀಸ ಮೆತ್ತಗಿನ ಲೋಹ, ಒತ್ತಿದಷ್ಟೂ ಹಿಗ್ಗುತ್ತದೆ. ವೀಲ್ ಪಾನಾ ಇಷ್ಟು ಕಡಿಮೆ ಟಾರ್ಕ್‌ಗೆ ಆಗಲ್ಲ, ಅದು ಸಾಕು ಅಂತ ಕಟ್ ಸದ್ದು ಮಾಡುವಷ್ಟರಲ್ಲಿ ಬೋಲ್ಟೇ ಇರಲ್ಲ.

ಆದರೆ ನನಗೆ ಅನುಮಾನ ಅರ್ಥ್ ಮೇಲೆ, ಅಂದರೆ ಬ್ಯಾಟರಿ ಮೈನಸ್ ಅನ್ನು ಗಾಡಿಯ ಬಾಡಿಗೆ ಸೇರಿಸುವ ವೈರ್ ಮೇಲೆ. ಸೆಲ್ಫ್ ಹೊಡೆಯುವಾಗ 200 ಆಂಪಿಯರ್ ಹರಿದರೆ, ಜಾಯಿಂಟಿನಲ್ಲಿ 0.005 ಓಮ್ ಇದ್ದರೂ 1 ವೋಲ್ಟ್ ಅಲ್ಲೇ ಹೋಯಿತು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬಾಡಿಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ಬಿಚ್ಚಿ.

ಘಾಟಿ ಡ್ರೈವರ್:
ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಕೊನೆಗೆ. ಪಾನಾ ಬಾಡಿಗೆ ತಾಗಿದರೆ ಬೆಂಕಿ ಹಾರುತ್ತದೆ, ಒಮ್ಮೆ ನನ್ನ ಉಂಗುರ ಬಿಸಿಯಾಗಿ ಬೆರಳು ಸುಟ್ಟಿತ್ತು. ನಾನಂತೂ ಥ್ರೆಡ್‌ಗೆ ಎರಡು ಹನಿ ಇಂಜಿನ್ ಆಯಿಲ್ ಬಿಟ್ಟೇ ಬಿಗಿಯೋದು, ತುಕ್ಕು ಹಿಡಿಯಲ್ಲ.

ಸಾಗರದ ವೈರಿಂಗ್‌ನವ:
ಆಯಿಲ್ ಬೇಡ. ಹೇಳಿದ ಟಾರ್ಕ್ ಒಣ ಥ್ರೆಡ್‌ಗೆ ಇರುತ್ತದೆ. ಎಣ್ಣೆ ಬಿಟ್ಟರೆ ಅಷ್ಟೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಎಳೆಯುತ್ತದೆ, ಥ್ರೆಡ್ ಹೋಗುತ್ತದೆ. ಬಿಗಿದಾದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಸೆಲ್ಫ್ ಮೋಟಾರಿನ ತಾಮ್ರದ ಸ್ಟಡ್ಡಿಗೆ ಎರಡು ನಟ್ಟು ಇದ್ದರೆ, ಕೆಳಗಿನದನ್ನು ಇನ್ನೊಂದು ಪಾನಾದಲ್ಲಿ ಹಿಡಿದೇ ಮೇಲಿನದನ್ನು ತಿರುಗಿಸಿ, ಸ್ಟಡ್ ತಿರುಗಿದರೆ ಒಳಗಿನ ಕನೆಕ್ಷನ್ ಕಿತ್ತುಬರಬಹುದು.

ತೋಟದ ಪಿಕಪ್:
ಮಳೆ ಹೊಳವಾದಾಗ ಮೀಟರ್ ಹಿಡಿದೆ, 0.9! ಚಾಸಿ ಮೇಲಿನ ಅರ್ಥ್ ಬೋಲ್ಟ್ ಗಟ್ಟಿಯಾಗೇ ಇತ್ತು. ಬಿಚ್ಚಿ ನೋಡಿದರೆ ಲಗ್ (ವೈರ್ ತುದಿಯ ಲೋಹದ ಬಳೆ) ಅಡಿಗೆ ಬಣ್ಣ, ಹೋದ ವರ್ಷ ಬಾಡಿ ಕೆಲಸ ಮಾಡಿದವರು ಅದರ ಮೇಲೇ ಬಿಗಿದುಬಿಟ್ಟಿದ್ದಾರೆ, ಸುತ್ತ ತುಕ್ಕು, ಕೆಮ್ಮಣ್ಣು. ಎಮರಿ ಪೇಪರ್‌ನಲ್ಲಿ ಹೊಳೆಯುವವರೆಗೆ ಉಜ್ಜಿದೆ. ಈಗ 0.15. ಒಂದೇ ಸಲಕ್ಕೆ ಸ್ಟಾರ್ಟ್. ಕ್ಲಾಂಪ್ ಸಣ್ಣ ಪಾನಾದಲ್ಲೇ ಹಾಕಿದೆ, ಕೈಯಲ್ಲಿ ಅಲುಗಾಡಿಸಿದರೆ ತಿರುಗಲ್ಲ, ಸಾಕಲ್ವಾ?

ಸಾಗರದ ವೈರಿಂಗ್‌ನವ:
ಸಾಕು. ಹತ್ತು ದಿನ ಓಡಿಸಿ ಇನ್ನೊಮ್ಮೆ ಅಲುಗಾಡಿಸಿ ನೋಡಿ.