ತೆರೆದ ಹ್ಯಾಮಕ್‌ನಲ್ಲಿ ಬೆನ್ನು ನೋಯದಂತೆ ಮಲಗುವುದು ಹೇಗೆ?

ತೋಟದಮನೆ (ಸಾಗರ):

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಿನಲ್ಲಿ ಒಂದು ಹಲಸಿನ ಮರವೂ ಅದರಿಂದ ಸುಮಾರು 14 ಅಡಿ ದೂರದಲ್ಲಿ ಒಂದು ಮಾವಿನ ಮರವೂ ಇದ್ದು, ಮಧ್ಯಾಹ್ನದ ಊಟವಾದ ಮೇಲೆ ಅವುಗಳ ನೆರಳಿನಲ್ಲಿ ಮಲಗಲೆಂದು ಪ್ಯಾರಾಚೂಟ್ ನೈಲಾನ್ ಬಟ್ಟೆಯ ಸಾದಾ ಹ್ಯಾಮಕ್ ಒಂದನ್ನು ತರಿಸಿದ್ದೇನೆ. ಅದಕ್ಕೆ ಸೊಳ್ಳೆಪರದೆಯಾಗಲಿ, ಮೇಲುಹೊದಿಕೆಯಾಗಲಿ ಇಲ್ಲ. ಎರಡು ತುದಿಗಳಲ್ಲಿ ನೆರಿಗೆ ಹಿಡಿದು ಕಟ್ಟಿದ ಒಂದು ಉದ್ದನೆಯ ಬಟ್ಟೆ, ಅಷ್ಟೇ. ಉದ್ದ 10 ಅಡಿ, ಅಗಲ 5 ಅಡಿ.

ಬಟ್ಟೆ ಜೋಲು ಬೀಳದಿರಲೆಂದು ಹಗ್ಗವನ್ನು ಆದಷ್ಟು ಬಿಗಿಯಾಗಿ ಎಳೆದು ಕಟ್ಟುತ್ತೇನೆ. ಆದರೂ ಮಲಗಿದ ಸ್ವಲ್ಪ ಹೊತ್ತಿಗೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಎರಡೂ ಕಡೆಯ ಅಂಚುಗಳು ಭುಜವನ್ನು ಒತ್ತುತ್ತವೆ, ಮಂಡಿಗಳು ವಿಪರೀತ ಚಾಚಿಕೊಂಡು ನೋಯತೊಡಗುತ್ತವೆ. ಎರಡೂ ತುದಿಗೆ ಮರದ ಅಡ್ಡಪಟ್ಟಿ ಇರುವಂಥದ್ದನ್ನು ಕೊಂಡರೆ ಬಟ್ಟೆ ಹರಡಿಕೊಂಡು ಸಮತಟ್ಟಾಗಿರುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಇದನ್ನು ಬಿಟ್ಟು ಅದನ್ನು ಕೊಳ್ಳಬೇಕೇ? ಇನ್ನೊಂದು ಸಂದೇಹವೆಂದರೆ, ಬರುವ ಡಿಸೆಂಬರಿನಲ್ಲಿ ಗೆಳೆಯರೊಬ್ಬರ ಕಾಫಿ ತೋಟದಲ್ಲಿ ಒಂದು ರಾತ್ರಿ ಹೊರಗೆ ಮಲಗುವ ಯೋಚನೆಯಿದೆ. ಅದಕ್ಕೆ ಈ ತೆರೆದ ಹ್ಯಾಮಕ್ ಸಾಕಾಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ದೂರದೇಶಿ:

ನಮಸ್ಕಾರ. ಕೆಲಸದ ನಿಮಿತ್ತ ಮೆಕ್ಸಿಕೊದ ಯುಕಟಾನ್ ಪ್ರಾಂತ್ಯದ ಮೆರಿಡಾ ನಗರದಲ್ಲಿ ಕೆಲಕಾಲ ಇದ್ದವನು ನಾನು. ಅಲ್ಲಿನ ಮನೆಗಳಲ್ಲಿ ಕೋಣೆಯ ಗೋಡೆಗಳಿಗೆ ಹ್ಯಾಮಕ್ ತೂಗುಹಾಕಲೆಂದೇ ಕೊಕ್ಕೆಗಳನ್ನು ಕೂರಿಸಿರುತ್ತಾರೆ. ಎಷ್ಟೋ ಜನರಿಗೆ ಅದು ಬಿಡುವಿನ ವೇಳೆಯ ವಿಲಾಸವಲ್ಲ, ದಿನನಿತ್ಯದ ಹಾಸಿಗೆ. ಹಗಲು ಅದನ್ನು ಸುತ್ತಿ ಒಂದೇ ಕೊಕ್ಕೆಗೆ ಸಿಕ್ಕಿಸಿಬಿಟ್ಟರೆ ಕೋಣೆ ಖಾಲಿಯಾಗುತ್ತದೆ. ಅಲ್ಲಿನವರು ಮಲಗುವ ರೀತಿಯನ್ನು ಕಣ್ಣಾರೆ ನೋಡಿದ ಮೇಲೆ ನಿಮ್ಮ ತೊಂದರೆಗೆ ಕಾರಣ ಹೇಳುವುದು ಕಷ್ಟವಲ್ಲ: ನೀವು ಹೆಚ್ಚು ಬಿಗಿದಿದ್ದೀರಿ ಮತ್ತು ಬಹುಶಃ ಬಟ್ಟೆಯ ನಡುಗೆರೆಯ ಮೇಲೆ ನೇರವಾಗಿ ಮಲಗುತ್ತಿದ್ದೀರಿ.

ಬಿಗಿದಷ್ಟೂ ಸಮತಟ್ಟಾಗುತ್ತದೆ ಎಂಬುದು ಹಾಸಿಗೆಯ ಅಭ್ಯಾಸದಿಂದ ಬಂದ ಎಣಿಕೆ. ನೆರಿಗೆ ಹಿಡಿದ ಬಟ್ಟೆಯನ್ನು ಬಿಗಿಯಾಗಿ ಎಳೆದಾಗ ಎರಡು ಅಂಚುಗಳೂ ಸೆಟೆದು ಮೇಲೆದ್ದು, ನಡುವೆ ಕಿರಿದಾದ ದೋಣಿಯಾಕಾರದ ತಗ್ಗು ಉಳಿಯುತ್ತದೆ. ದೇಹ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಬಟ್ಟೆಯನ್ನು ಸಡಿಲ ಬಿಟ್ಟು, ತಲೆಯನ್ನು ನಡುಗೆರೆಯಿಂದ ಎಡಕ್ಕೂ ಪಾದಗಳನ್ನು ಬಲಕ್ಕೂ ಸರಿಸಿ ಓರೆಯಾಗಿ ಮಲಗಿದರೆ, ನಿಮ್ಮ ಕೆಳಗಿನ ಬಟ್ಟೆ ಅಗಲವಾಗಿ ಹರಡಿಕೊಂಡು ಬೆನ್ನು ಹೆಚ್ಚುಕಡಿಮೆ ನೇರವಾಗುತ್ತದೆ. ಯುಕಟಾನಿನ ಹ್ಯಾಮಕ್‌ಗಳು ತೆಳುವಾದ ಹತ್ತಿ ಅಥವಾ ನೈಲಾನ್ ದಾರದಿಂದ ನೇಯ್ದ ಬಹಳ ಅಗಲದ ಬಲೆಗಳಾದ್ದರಿಂದ ಅಲ್ಲಿ ಬಹುತೇಕ ಅಡ್ಡಲಾಗಿಯೇ ಮಲಗುತ್ತಾರೆ. ನಿಮ್ಮದರಲ್ಲಿ ಅಷ್ಟು ಅಡ್ಡ ತಿರುಗಲು ಜಾಗವಿಲ್ಲ, ಆದರೆ ಓರೆಯಾಗಲು 5 ಅಡಿ ಅಗಲ ಸಾಕು. ಎತ್ತರದ ಆಳಾಗಿದ್ದರೆ ಮುಂದೆ ಎಂದಾದರೂ 11 ಅಡಿ ಉದ್ದದ್ದನ್ನು ಕೊಳ್ಳಿ. ಸೌಕರ್ಯ ಹೆಚ್ಚುವುದು ಉದ್ದದಿಂದ, ಬೆಲೆಯಿಂದಲ್ಲ.

ಪಾದದ ಕಡೆಯ ತುದಿಯನ್ನು ತಲೆಯ ಕಡೆಗಿಂತ ಒಂದು ಗೇಣಿನಷ್ಟು ಮೇಲೆ ಕಟ್ಟಿ. ಇಲ್ಲದಿದ್ದರೆ ದೇಹದ ಭಾರಕ್ಕೆ ನಿಧಾನವಾಗಿ ಕೆಳಗೆ ಜಾರುತ್ತ ನಡುವಿಗೆ ಬಂದು ಮತ್ತೆ ಮಡಚಿಕೊಳ್ಳುತ್ತೀರಿ. ಓರೆಯಾಗಿ ಮಲಗಿದಾಗ ಮೀನಖಂಡದ ಕೆಳಗೆ ಬಟ್ಟೆ ಏಣಿನಂತೆ ಸೆಟೆದುಕೊಳ್ಳುವುದುಂಟು. ಪಾದದ ಕಡೆಯನ್ನು ಇನ್ನಷ್ಟು ಎತ್ತರಿಸಿದರೆ ಅದೂ ಕಡಿಮೆಯಾಗುತ್ತದೆ. ಮಂಡಿಯ ಕೆಳಗೆ ಮಡಚಿದ ಟವೆಲೊಂದನ್ನು ಇಟ್ಟರೆ ಉಳಿದ ನೋವೂ ಹೋಗುತ್ತದೆ.

ಅಡ್ಡಪಟ್ಟಿಯ ಹ್ಯಾಮಕ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೇಡ. ಅದು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದರಲ್ಲಿ ದೇಹ ಬಟ್ಟೆಯೊಳಗೆ ಇಳಿಯದೆ ಮೇಲೆಯೇ ನಿಲ್ಲುವುದರಿಂದ ಸ್ವಲ್ಪ ಪಕ್ಕಕ್ಕೆ ಹೊರಳಿದರೂ ಮಗುಚಿಕೊಳ್ಳುತ್ತದೆ. 1492ರಲ್ಲಿ ಕೊಲಂಬಸ್ ಬಹಾಮಾಸ್ ದ್ವೀಪಗಳಲ್ಲಿ ಹತ್ತಿಯ ಬಲೆಯಂಥ ಹಾಸಿಗೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಆ ನಾಡಿನ ಜನ ಅಡ್ಡಪಟ್ಟಿಯ ಹಂಗಿಲ್ಲದೆ ತಲೆಮಾರುಗಳಿಂದ ಸುಖವಾಗಿ ಮಲಗಿದ್ದಾರೆ. ಮೆಲ್ಲಗೆ ತೂಗುವುದರಿಂದ ನಿದ್ರೆ ಬೇಗ ಹತ್ತುತ್ತದೆ ಎಂಬುದಕ್ಕೂ ಆಧಾರವಿದೆ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ಮಂದಿಯನ್ನು ಮಧ್ಯಾಹ್ನದ ಹೊತ್ತು 45 ನಿಮಿಷ ತೂಗುವ ಮಂಚದ ಮೇಲೆ ಮಲಗಿಸಿ ನೋಡಿದಾಗ, ಅಲುಗದ ಮಂಚದ ಮೇಲಿಗಿಂತ ಬೇಗ ಅವರಿಗೆ ನಿದ್ರೆ ಬಂದಿತ್ತು.

ಕಟ್ಟಡದ ಲೆಕ್ಕ:

ಮೇಲಿನವರು ಸಡಿಲ ಬಿಡಿ ಎಂದದ್ದಕ್ಕೆ ಸುರಕ್ಷತೆಯ ಕಾರಣವೂ ಇದೆ. ಹ್ಯಾಮಕ್ ಅನ್ನು ಮರಕ್ಕೆ ಕಟ್ಟುವ ಪಟ್ಟಿಯು ನೆಲಕ್ಕೆ ಸಮಾನಾಂತರವಾದ ಗೆರೆಯಿಂದ 30 ಡಿಗ್ರಿ ಕೋನದಲ್ಲಿ ಇಳಿದಿದ್ದರೆ, 70 ಕಿಲೋ ತೂಕದವರು ಮಲಗಿದಾಗ ಪ್ರತಿ ತುದಿಯ ಮೇಲೆ ಬೀಳುವ ಎಳೆತವೂ 70 ಕಿಲೋ. ಬಿಗಿದು ಕಟ್ಟಿ ಕೋನವನ್ನು 10 ಡಿಗ್ರಿಗೆ ತಂದರೆ ಅದೇ ಎಳೆತ ಸುಮಾರು 200 ಕಿಲೋ ಆಗುತ್ತದೆ. 5 ಡಿಗ್ರಿಯಲ್ಲಿ 400 ಕಿಲೋ. ಕೊಂಡಿ ತುಂಡಾಗುವುದು, ಹೊಲಿಗೆ ಬಿಚ್ಚುವುದು, ಗೋಡೆಗೆ ಬಡಿದ ಮೊಳೆ ಕಿತ್ತುಬರುವುದು ಹೆಚ್ಚಾಗಿ ಈ ಕಾರಣದಿಂದಲೇ.

ಪ್ರತಿಸಲ ಕೋನ ಅಳೆಯುವ ಶ್ರಮ ಬೇಡವೆಂದರೆ, ಹ್ಯಾಮಕ್‌ನ ಎರಡು ತುದಿಗಳನ್ನು ಜೋಡಿಸುವಂತೆ ಮೇಲುಗಡೆ ಒಂದು ಗಟ್ಟಿ ದಾರವನ್ನು (ನಡುದಾರ) ಶಾಶ್ವತವಾಗಿ ಕಟ್ಟಿಡಿ. ಅದರ ಉದ್ದ ಬಟ್ಟೆಯ ಉದ್ದದ ಶೇ. 83ರಷ್ಟಿರಲಿ, ನಿಮ್ಮ 10 ಅಡಿಯ ಬಟ್ಟೆಗೆ 8 ಅಡಿ 4 ಇಂಚು. ಆಗ ಮರಗಳು ಹತ್ತಿರವಿರಲಿ, ದೂರವಿರಲಿ, ಬಟ್ಟೆಯ ಜೋಲು ಮಾತ್ರ ಬದಲಾಗುವುದಿಲ್ಲ. ಮಲಗಿದಾಗ ಆ ದಾರವನ್ನು ಎರಡು ಬೆರಳಿನಿಂದ ಹಿಸುಕಿದರೆ ಸ್ವಲ್ಪ ಬಾಗುವಂತಿರಬೇಕು. ವೀಣೆಯ ತಂತಿಯಂತೆ ಸೆಟೆದಿದ್ದರೆ ಇನ್ನೂ ಬಿಗಿ ಹೆಚ್ಚಾಗಿದೆ ಎಂದರ್ಥ. ನಿಮ್ಮ 14 ಅಡಿ ಅಂತರಕ್ಕೆ ಪಟ್ಟಿಯನ್ನು ಮರದಲ್ಲಿ ಐದರಿಂದ ಐದೂವರೆ ಅಡಿ ಎತ್ತರದಲ್ಲಿ ಸುತ್ತಿದರೆ, ಕುಳಿತಾಗ ಹ್ಯಾಮಕ್‌ನ ತಳ ಕುರ್ಚಿಯ ಎತ್ತರಕ್ಕೆ, ಅಂದರೆ ಸುಮಾರು 18 ಇಂಚಿಗೆ ಬರುತ್ತದೆ.

ಬರಿಯ ಹಗ್ಗವನ್ನು ಮರಕ್ಕೆ ಕಟ್ಟಬೇಡಿ, ಅದು ತೊಗಟೆಯನ್ನು ಕೊರೆಯುತ್ತದೆ. ಕನಿಷ್ಠ ಒಂದು ಇಂಚು ಅಗಲದ, ಎರಡು ಇಂಚಾದರೆ ಇನ್ನೂ ಒಳ್ಳೆಯದು, ಪಾಲಿಯೆಸ್ಟರ್ ಪಟ್ಟಿಯನ್ನು ಬಳಸಿ. ನೈಲಾನ್ ಪಟ್ಟಿ ಭಾರಕ್ಕೆ, ಅದರಲ್ಲೂ ಒದ್ದೆಯಾದಾಗ, ಹಿಗ್ಗುವುದರಿಂದ ರಾತ್ರಿ ಎತ್ತರದಲ್ಲಿ ಮಲಗಿದವರು ಬೆಳಿಗ್ಗೆ ನೆಲಕ್ಕೆ ತಾಗಿರುತ್ತಾರೆ. ಅಡಿಕೆ ಮರಕ್ಕಂತೂ ಕಟ್ಟಲೇಬಾರದು. ಅದು ಸಪೂರವಾಗಿ ಬಾಗುತ್ತದೆ, ಅದಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಜಜ್ಜಿಹೋಗುತ್ತದೆ, ಅಲ್ಲದೆ ತಾಳೆ ಜಾತಿಯ ಮರಗಳ ಕಾಂಡಕ್ಕೆ ಆದ ಗಾಯ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ತೆಂಗಿನ ಮರದ ಕೆಳಗೆ ಏಕೆ ಮಲಗಬಾರದೆಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಾವು, ಹಲಸು ಉತ್ತಮ, ಆದರೆ ಎಲೆಗಳನ್ನು ಹೆಣೆದ ಚಗಳಿ ಇರುವೆಗಳ ಗೂಡು ಇದೆಯೇ ಎಂದು ಮೊದಲು ಕತ್ತೆತ್ತಿ ನೋಡಿ. ಅವು ಪಟ್ಟಿಯ ಮೇಲೆ ಸಾಲಾಗಿ ಇಳಿದು ನೇರವಾಗಿ ನಿಮ್ಮ ಬಳಿಗೇ ಬರುತ್ತವೆ.

ಘಟ್ಟದ ಚಾರಣಿಗ:

ಹಗಲಿನ ವಿಶ್ರಾಂತಿಗೆ ತೆರೆದ ಹ್ಯಾಮಕ್‌ಗಿಂತ ಹಿತವಾದದ್ದು ಇಲ್ಲವೆಂದು ನಾನೂ ಒಪ್ಪುತ್ತೇನೆ. ಸುತ್ತಲಿನ ತೋಟ ಕಾಣುತ್ತಿರುತ್ತದೆ, ಗಾಳಿ ನಾಲ್ಕೂ ಕಡೆಯಿಂದ ಆಡುತ್ತದೆ, ಯಾವ ಕಡೆಯಿಂದ ಬೇಕಾದರೂ ಕಾಲು ಇಳಿಬಿಡಬಹುದು. ಪರದೆ ಹೊಲಿದು ಮುಚ್ಚಿದವುಗಳಲ್ಲಿ ಈ ಸುಖವಿಲ್ಲ. ಆದರೆ ಡಿಸೆಂಬರಿನ ಮಲೆನಾಡಿನ ರಾತ್ರಿಗೆ ಅದೊಂದೇ ಸಾಲದು. ನೆಲದ ಮೇಲೆ ಮಲಗಿದವರಿಗೆ ಚಳಿ ಮೇಲಿನಿಂದ ಬಂದಂತೆ ಅನ್ನಿಸಿದರೆ, ಹ್ಯಾಮಕ್‌ನಲ್ಲಿ ಅದು ಬೆನ್ನಿನ ಕೆಳಗಿನಿಂದ ಬರುತ್ತದೆ. ತೆಳುವಾದ ಬಟ್ಟೆಯ ಕೆಳಗೆ ಗಾಳಿ ಹರಿಯುತ್ತಲೇ ಇರುತ್ತದೆ ಮತ್ತು ಸ್ಲೀಪಿಂಗ್ ಬ್ಯಾಗಿನ ಒಳತುಂಬು ಬೆನ್ನಿನ ಭಾರಕ್ಕೆ ಅಪ್ಪಚ್ಚಿಯಾಗಿ ಬೆಚ್ಚಗಿಡುವ ಗುಣವನ್ನು ಕಳೆದುಕೊಳ್ಳುತ್ತದೆ. ಫೋಮ್ ಚಾಪೆಯನ್ನೋ ಕುರಿ ಉಣ್ಣೆಯ ಕಂಬಳಿಯನ್ನೋ ಒಳಗೆ ಹಾಸಿಕೊಂಡು ಮಲಗಿ. ಕಂಬಳಿಯೇ ನನಗೆ ಮೆಚ್ಚು. ಅದು ಜಾರುವುದಿಲ್ಲ, ಒತ್ತಿದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ಒಂದೇ ಪದರದ ನೈಲಾನಿನ ಮೂಲಕ ಸೊಳ್ಳೆಗಳು ಕೆಳಗಿನಿಂದಲೂ ಕಚ್ಚುತ್ತವೆ, ಹಾಸು ಅದನ್ನೂ ತಡೆಯುತ್ತದೆ. ಮೇಲೆ ಪರದೆಯೊಂದನ್ನು ಆ ನಡುದಾರಕ್ಕೆ ಇಳಿಬಿಟ್ಟುಕೊಳ್ಳಿ. ಬೇಡವಾದಾಗ ತೆಗೆದಿಟ್ಟರೆ ನಿಮ್ಮ ಹ್ಯಾಮಕ್ ಮತ್ತೆ ತೆರೆದದ್ದೇ.

ಒಂದು ಮಾತನ್ನು ಒತ್ತಿ ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಮತ್ತು ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದನ್ನು ಹರಡುವ ಉಣುಗುಗಳ ಕಾಟ ಹೆಚ್ಚು. ಹ್ಯಾಮಕ್ ನಿಮ್ಮನ್ನು ನೆಲದಿಂದ ಮೇಲಿಡುತ್ತದೆ ನಿಜ, ಆದರೆ ತರಗೆಲೆಯ ಮೇಲೆ ಬಿಟ್ಟ ಚಪ್ಪಲಿ, ಚೀಲ, ಹೊದಿಕೆಗಳಿಗೆ ಉಣುಗು ಹತ್ತಿಕೊಂಡು ಒಳಗೆ ಬರುತ್ತದೆ. ಎಲ್ಲವನ್ನೂ ಪಟ್ಟಿಗೆ ತೂಗುಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ, ಮಂಗ ಸತ್ತ ಸುದ್ದಿಯಿರುವ ಕಡೆ ಮಲಗುವ ಯೋಚನೆಯನ್ನೇ ಬಿಡಿ. ಸ್ವಂತ ತೋಟವಾದರೆ ಸರಿ. ಮೀಸಲು ಅರಣ್ಯದಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ.

ತೋಟದಮನೆ (ಸಾಗರ):

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. 8 ಅಡಿ 4 ಇಂಚಿನ ದಾರ ಕಟ್ಟಿ, ಪಾದದ ಕಡೆ ಎತ್ತರಿಸಿ, ಓರೆಯಾಗಿ ಮಲಗಿ ನೋಡಿದೆ. ಅದೇ ಬಟ್ಟೆ, ಅವೇ ಮರಗಳು, ಆದರೆ ಭುಜದ ಒತ್ತಡ ಸಂಪೂರ್ಣ ಹೋಯಿತು. ಪಕ್ಕಕ್ಕೆ ಹೊರಳಿ ಮಲಗಲೂ ಸಾಧ್ಯವಾಯಿತು. ಅಡ್ಡಪಟ್ಟಿಯದ್ದನ್ನು ಕೊಳ್ಳುವುದಿಲ್ಲ. ಈಗ ನಮ್ಮ ಅಪ್ಪಯ್ಯನಿಗೂ ಅದರಲ್ಲಿ ಮಲಗುವ ಆಸೆಯಾಗಿದೆ. ವಯಸ್ಸಾದವರು, ಮಂಡಿನೋವೂ ಇದೆ. ಹತ್ತಿ ಇಳಿಯುವಾಗ ಏನು ಎಚ್ಚರ ವಹಿಸಬೇಕು?

ದೂರದೇಶಿ:

ಅವರಿಗಾಗಿ 18 ಇಂಚಿಗಿಂತ ಒಂದೆರಡು ಇಂಚು ಹೆಚ್ಚೇ ಇರಲಿ, ಏಕೆಂದರೆ ಮಂಡಿನೋವಿನವರಿಗೆ ತಗ್ಗಿನಿಂದ ಏಳುವುದು ಕಷ್ಟ. ಬಟ್ಟೆಯನ್ನು ಎರಡೂ ಕೈಗಳಿಂದ ಅಗಲಿಸಿ ಹಿಡಿದು, ಸರಿಯಾಗಿ ನಡುಭಾಗದಲ್ಲಿ, ಅಂಚಿನಿಂದ ಸಾಕಷ್ಟು ಒಳಗೆ ಮೊದಲು ಕುಳಿತುಕೊಳ್ಳಲಿ. ಭಾರ ಪೂರ್ತಿ ಕೂತ ಮೇಲೆ ತಲೆ ಒರಗಿಸಿ ಕಾಲೆತ್ತಲಿ. ಏಳುವಾಗ ಮೊದಲು ಎರಡೂ ಪಾದ ನೆಲಕ್ಕೆ ಊರಿ, ಆಮೇಲೆ ಎದ್ದು ಕೂರಬೇಕು. ಹಿಡಿದು ಏಳಲು ನಡುದಾರವನ್ನು ನಂಬಬೇಡಿ. ಪಕ್ಕದಲ್ಲಿ ಒಂದು ಗಟ್ಟಿ ಗೂಟ ನೆಡಿ ಅಥವಾ ನೀವೇ ಕೈಕೊಡಿ. ಕೆಳಗಿನ ಕಲ್ಲು, ಬೇರುಗಳ ಮೇಲೆ ಒಂದಿಷ್ಟು ದರಕು (ಒಣಗಿದ ಎಲೆ) ಹರಡಿ, ಮೊದಲ ಕೆಲವು ಸಲ ಜೊತೆಗಿರಿ.