ನ್ಯೂಜೆರ್ಸಿ ಪ್ರೈವೇಟ್ ಸ್ಕೂಲಲ್ಲಿ ಮಗನ್ನ ಅಣಕಿಸ್ತಿದಾರೆ, ಸ್ಕೂಲ್‌ನವ್ರು "ಮಾತಾಡಿದೀವಿ" ಅಂತಾರೆ ಅಷ್ಟೇ

ಎಡಿಸನ್_ಅಮ್ಮ:
ಎಲ್ರಿಗೂ ನಮಸ್ಕಾರ. ಮಗ ಏಳನೇ ಕ್ಲಾಸು, ಎರಡು ವರ್ಷದ ಹಿಂದೆ ಪಬ್ಲಿಕ್ ಸ್ಕೂಲ್ ಬಿಡ್ಸಿ ಪ್ರೈವೇಟಿಗೆ ಹಾಕಿದ್ವಿ, ಕ್ಲಾಸಲ್ಲಿ ಇಂಡಿಯನ್ ಮಕ್ಳು ಇಬ್ರೇ. ಇವ್ನು ಉತ್ತರ ಹೇಳೋಕೆ ಕೈ ಎತ್ತಿದ್ರೆ ಸಾಕು ಹಿಂದಿನ ಬೆಂಚಿನ ಇಬ್ರು ತಲೆ ಅಲ್ಲಾಡಿಸ್ಕೊಂಡು ಕಾಲ್ ಸೆಂಟರ್ ಥರ ರಾಗ ಎಳೀತಾರಂತೆ. ನಮ್ಗೆ ಹೇಳೇ ಇರ್ಲಿಲ್ಲ. ಒಂದಿನ ಪಿಕಪ್ ಲೈನಲ್ಲಿ ಕಾರ್ ಹತ್ತೋಕ್ ಮುಂಚೆನೇ "ಅಮ್ಮ ಗ್ಲಾಸ್ ಏರ್ಸು, ಹಾಡು ಆಫ್ ಮಾಡು, ಅಜ್ಜಿ ಫೋನಲ್ಲಿದ್ರೆ ಕಟ್ ಮಾಡು" ಅಂದ, ಆಗ ಕೇಳಿ ಕೇಳಿ ಬಾಯಿ ಬಿಡ್ಸಿದ್ದು. ಸ್ಕೂಲಿಗೆ ಹೋದ್ರೆ ಡೀನ್ ಕಾಫಿ ಕೊಟ್ಟು "ಆ ಮಕ್ಳ ಹತ್ರ ಮಾತಾಡಿದೀವಿ" ಅಂದ್ರು. ಮಾರನೇ ದಿನ ಮತ್ತೆ ಅದೇ. ಮುಂದೇನ್ ಮಾಡ್ಲಿ?

ತುಮ್ಕೂರ್‌ಟುಟ್ರೆಂಟನ್:
ಮೇಡಂ, ಬಾಯಲ್ಲಿ ಹೇಳಿದ್ದು ಗಾಳಿಗ್ ಹೋಯ್ತು ಅಂತ್ಲೇ ತಿಳ್ಕೊಳಿ. ಪಬ್ಲಿಕ್ ಸ್ಕೂಲಾಗಿದ್ರೆ 2011ರಲ್ಲಿ ಬಂದ ಆ್ಯಂಟಿ ಬುಲ್ಲಿಯಿಂಗ್ ಕಾನೂನಿದೆ, ದೂರು ಬಂದ್ ಒಂದು ಸ್ಕೂಲ್ ದಿನದೊಳಗೆ ತನಿಖೆ ಶುರು ಮಾಡ್ಬೇಕು, ಹತ್ತು ಸ್ಕೂಲ್ ದಿನದಲ್ಲಿ ಮುಗಿಸ್ಬೇಕು. ಪ್ರೈವೇಟಿಗೆ ಅದು ಕಡ್ಡಾಯ ಅಲ್ಲ, ಪಾಲಿಸಿದ್ರೆ ಒಳ್ಳೇದು ಅಂತಷ್ಟೇ. ನಾವು ಇಷ್ಟೊಂದು ಫೀಸ್ ಕಟ್ಟಿ ಈ ಗಡುವನ್ನ ಕಳ್ಕೊಂಡ್ವಿ ನೋಡಿ! ಹಂಗಂತ ಕೈ ಕಟ್ಟಿ ಕೂರೋದೂ ಬೇಡ, ರಾಜ್ಯದ ತಾರತಮ್ಯ ವಿರೋಧಿ ಕಾನೂನು ಪ್ರೈವೇಟ್ ಸ್ಕೂಲಿಗೂ ತಾಗತ್ತೆ, ಚರ್ಚು ಗಿರ್ಚು ನಡೆಸೋ ಸ್ಕೂಲಿಗೆ ಮಾತ್ರ ವಿನಾಯ್ತಿ. ಆ ಕಾನೂನು ನೋಡ್ಕೊಳೋ ರಾಜ್ಯದ ಇಲಾಖೆ ಡಿವಿಷನ್ ಆನ್ ಸಿವಿಲ್ ರೈಟ್ಸ್‌ಗೆ ದೂರು ಕೊಡೋಕೆ 180 ದಿನ ಟೈಮ್. ಮೊದ್ಲು ಸ್ಕೂಲಿನ ಹ್ಯಾಂಡ್‌ಬುಕ್ ತೆಗ್ದು ಅವ್ರೇ ಬರ್ಕೊಂಡಿರೋ ರೂಲ್ ಇಟ್ಕೊಂಡು ಮೇಲ್ ಹಾಕಿ, ತಾರೀಖು ಹಾಕಿ.

ಚಾಕ್‌ಪೀಸ್:
ನಾನು ಇಂಥದ್ದೇ ಒಂದು ಸ್ಕೂಲಲ್ಲಿ ಸೈನ್ಸ್ ಹೇಳ್ಕೊಡೋಳು, ಒಳಗಿನ ಕಥೆ ಹೇಳ್ತೀನಿ ಕೇಳಿ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಬ್ಲ್ಯಾಕ್ ವ್ಯಕ್ತಿ ಪೊಲೀಸ್ ಕೈಲಿ ಸತ್ತಾಗ ಬ್ಲ್ಯಾಕ್ ಹಳೇ ಸ್ಟೂಡೆಂಟ್ಸು ಇನ್‌ಸ್ಟಾಗ್ರಾಮಲ್ಲಿ "ಬ್ಲ್ಯಾಕ್ ಅಟ್" ಅಂತ ಸ್ಕೂಲ್ ಹೆಸ್ರು ಸೇರ್ಸಿ ಪೇಜ್ ಮಾಡಿ ತಮಗಾಗಿದ್ದೆಲ್ಲ ಬರ್ದ್ರು. ದೊಡ್ಡ ದೊಡ್ಡ ಸ್ಕೂಲುಗಳೆಲ್ಲ ಬೆಚ್ಚಿಬಿದ್ದು ಡೈವರ್ಸಿಟಿ ಡೈರೆಕ್ಟರ್ ಹುದ್ದೆ, ಒಂದೇ ಹಿನ್ನೆಲೆಯ ಮಕ್ಳು ಸೇರೋ ಅಫಿನಿಟಿ ಗ್ರೂಪು ಅಂತ ಶುರು ಮಾಡಿದ್ವು. ಗ್ರೂಪಿಂದ ಉಪಯೋಗ ಇಲ್ಲ ಅನ್ನಲ್ಲ, ವಾರಕ್ಕೊಂದ್ಸಲ ಲಂಚಲ್ಲಿ ತಮ್ಮಂಥೋರ ಜೊತೆ ಕೂತು ನಗೋದು ಮಕ್ಳಿಗೆ ಬೇಕು. ಆದ್ರೆ ಅಣಕಿಸಿದ ಹುಡುಗನ ಮೇಲೆ ಕ್ರಮ ತಗೊಳೋದು ಆ ಡೈರೆಕ್ಟರ್ ಕೈಲಿರಲ್ಲ, ಅದು ಸ್ಕೂಲಿನ ಮುಖ್ಯಸ್ಥರು, ಅಂದ್ರೆ ಹೆಡ್ ಕೈಲಿ. ಮೇಲ್ ಹೆಡ್‌ಗೇ ಹೋಗ್ಲಿ. ಆ ಕ್ಲಾಸಲ್ಲಿ ಟೀಚರ್ ಏನ್ ಮಾಡ್ತಿದ್ರು ಅಂತ ಖಂಡಿತ ಕೇಳಿ, ಎಲ್ರೂ ಮರೆಯೋ ಪ್ರಶ್ನೆ ಅದೇ.

ಬಸವನಗುಡಿ_ಬಾಯ್:
ಅಯ್ಯೋ ಬಿಡಿ, ನಾವೂ 98ರಲ್ಲಿ ಬಂದಾಗ ಇದೆಲ್ಲ ಕೇಳಿದ್ದೇ. ಕಿವಿ ಮೇಲೆ ಹಾಕ್ಕೊಳ್ದೆ ಚೆನ್ನಾಗ್ ಓದ್ಲಿ.

ಚಾಕ್‌ಪೀಸ್:
ಸರ್, ನೀವು ಆಗ ದೊಡ್ಡೋರಾಗಿದ್ರಿ, ಅವ್ನಿಗೆ ಹನ್ನೆರಡು. ಅವ್ನೇನು ಓದದೆ ಕೂತಿಲ್ಲ, ಕೈ ಎತ್ತೋದನ್ನೇ ನಿಲ್ಲಿಸ್ತಾನೆ. ಇನ್ನೊಂದು, ಬೇಜಾರ್ ಮಾಡ್ಕೋಬೇಡಿ, ನಮ್ಮ ಮಕ್ಳೇನು ಸಾಚಾ ಅಲ್ಲ. ಹೋದ್ವರ್ಷ ನನ್ನ ಕ್ಲಾಸಲ್ಲೇ ಒಬ್ಬ ನಮ್ಮ ಹುಡುಗ ಬ್ಲ್ಯಾಕ್ ಹುಡುಗಿಗೆ "ನೀನು ಸ್ಕಾಲರ್‌ಶಿಪ್ಪಾ?" ಅಂತ ಎಲ್ರೆದ್ರು ಕೇಳ್ದ. ಅವ್ಳಪ್ಪ ಡಾಕ್ಟ್ರು. ಅವ್ನು ಅದನ್ನ ಎಲ್ಲಿ ಕಲ್ತ, ಮನೇಲಿ "ಕರಿಯರು" ಅಂತ ನಾವು ಕನ್ನಡದಲ್ಲಿ ಮಾತಾಡೋದು ಮಕ್ಳಿಗೆ ಅರ್ಥ ಆಗಲ್ಲ ಅಂದ್ಕೊಂಡಿದೀವಿ.

ಎಡಿಸನ್_ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ಕೊನೇದು ಓದಿ ಸ್ವಲ್ಪ ಚುರುಕ್ ಅಂತು, ನಮ್ಮನೇಲೂ ಆ ಮಾತಿದೆ. ರಾತ್ರಿ ಕೂತು ಹೆಡ್‌ಗೆ ಮೇಲ್ ಬರ್ದೆ, "ಮೂರ್ನಾಲ್ಕು ಸಲ ಆಗಿದೆ" ಅಂತ ಹಾಕಿದ್ದೆ. ಮಗನಿಗೆ ತೋರ್ಸಿದ್ರೆ ಅದನ್ನ ಅಳಿಸಿ ಹದಿನಾಲ್ಕು ಅಂತ ಟೈಪ್ ಮಾಡ್ದ. ಮ್ಯಾತ್ಸ್ ನೋಟ್‌ಬುಕ್ ಕೊನೇ ಪೇಜಲ್ಲಿ ಎಲ್ಲ ತಾರೀಖೂ ಬರ್ದಿಟ್ಕೊಂಡಿದಾನೆ.